ತಲೆಮಾರಿಗೊಂದು ಕಿಂಡಿ: ಹಳೆಯ ರೋಲೆಕ್ಸ್ ಸಬ್‌ಮರೀನರ್ ಆರಿಸಿಕೊಳ್ಳುವ ಬಗೆ

ಚಿತ್ರದುರ್ಗದ ಕೋಟೆಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಮೊದಲು ಕೇಳುವುದು ಓಬವ್ವನ ಕಿಂಡಿ ಎಲ್ಲಿದೆ ಎಂದು. ಏಳು ಸುತ್ತಿನ ಗೋಡೆ, ಬುರುಜು, ಬತೇರಿ ಎಲ್ಲವೂ ಗಟ್ಟಿಯಾಗಿಯೇ ಇದ್ದವು. ಹೈದರಾಲಿಯ ಸೈನಿಕರು ನುಸುಳಲು ನೋಡಿದ್ದು ಒಬ್ಬ ಮನುಷ್ಯ ಮೈ ಹಿಡಿ ಮಾಡಿ ತೂರಬಹುದಾದ ಆ ಸಂದಿಯಿಂದ. ಓಬವ್ವ ಒನಕೆ ಹಿಡಿದು ನಿಂತದ್ದೂ ಅಲ್ಲೇ, ಹೆಬ್ಬಾಗಿಲಿನಲ್ಲಲ್ಲ.

ಹಳೆಯ ವಾಚಿನ ಹುಚ್ಚು ಹತ್ತಿದ ಮೇಲೆ ನನಗೆ ಆ ಕಿಂಡಿ ಬೇರೆಯದೇ ಅರ್ಥದಲ್ಲಿ ನೆನಪಾಗತೊಡಗಿತು. ರೋಲೆಕ್ಸ್ ಸಬ್‌ಮರೀನರ್ ಎಂಬ, ನೀರಿನಡಿ ಮುಳುಗುವವರಿಗಾಗಿ ಮಾಡಿದ ವಾಚು 1953ರ ಸುಮಾರಿಗೆ ಹುಟ್ಟಿ, 1954ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೇಳದಲ್ಲಿ ಜನರ ಮುಂದೆ ಬಂತು. ಅಂದಿನಿಂದ ಇಂದಿನವರೆಗೆ ದೂರದಿಂದ ನೋಡಿದರೆ ಎಲ್ಲವೂ ಒಂದೇ: ಕಪ್ಪು ಮುಖ, ದುಂಡನೆಯ ಗಂಟೆಯ ಗುರುತು, ಸುತ್ತಲೂ ತಿರುಗುವ ಬಳೆ. ಹತ್ತಿರ ಹೋದರೆ ಒಂದೊಂದು ತಲೆಮಾರೂ ಬೇರೆ, ಒಂದೊಂದರಲ್ಲಿ ಮೋಸ ನುಸುಳುವ ಕಿಂಡಿಯೂ ಬೇರೆ. ಹಳೆಯದರಲ್ಲಿ ಅದು ಡಯಲ್‌ನಲ್ಲಿದೆ, ನಡುವಿನದರಲ್ಲಿ ಕೇಸ್ ಎಂಬ ಲೋಹದ ಮೈಯಲ್ಲಿ, ಹೊಸದರಲ್ಲಿ ಕಾಗದಪತ್ರದಲ್ಲಿ. ಎಲ್ಲ ಕಡೆ ಅರ್ಧಂಬರ್ಧ ಕಾವಲು ಕಾಯುವುದಕ್ಕಿಂತ ಆಯಾ ತಲೆಮಾರಿನ ಕಿಂಡಿಯನ್ನು ಗಟ್ಟಿಯಾಗಿ ಕಾಯುವುದು ಮೇಲು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ.

ಕೆಲವು ವರ್ಷಗಳ ಹಿಂದೆ ಮುಂಬೈಯ ವ್ಯಾಪಾರಿಯೊಬ್ಬರಿಂದ 1680 ಎಂಬ ಮಾದರಿ ಸಂಖ್ಯೆಯ ಸಬ್‌ಮರೀನರ್ ತರಿಸಿದೆ. ಡಯಲ್ ಮೇಲೆ ಹೆಸರು ಕೆಂಪಕ್ಷರದಲ್ಲಿತ್ತು. ಆ ಕೆಂಪು ಸಾಲಿಗಾಗಿ ಜನ ಎಷ್ಟು ಹೆಚ್ಚು ಕೊಡುತ್ತಾರೆಂದು ಓದಿ ಓದಿ ನನ್ನ ತಲೆ ತಿರುಗಿತ್ತು. ವಾಚು ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುತ್ತದೆಂದು ದಾವಣಗೆರೆಯ ಹಿರಿಯ ರಿಪೇರಿಯವರೊಬ್ಬರಿಗೆ ತೋರಿಸಲು ಹೋದೆ. ಅವರು ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ಅರ್ಧ ನಿಮಿಷ ನೋಡಿದರು. "ಸರ್, ಮಷೀನು ಅಸಲಿ, ಕೇಸೂ ಅಸಲಿ. ಮುಖ ಮಾತ್ರ ಮತ್ತೆ ಬರೆಸಿದ್ದಾರೆ," ಎಂದರು. ಅವರು ಜೀವಮಾನದಲ್ಲಿ ನೋಡಿದ ಸಬ್‌ಮರೀನರ್ ಮೂರೋ ನಾಲ್ಕೋ ಇರಬಹುದು. ಆದರೆ ಮುಖ ಬರೆಸಿದ ಎಚ್‌ಎಂಟಿ ಜನತಾಗಳನ್ನು ಸಾವಿರಗಟ್ಟಲೆ ನೋಡಿದ್ದರು. ಅಂದು ಬೆಣ್ಣೆದೋಸೆಯೂ ಗಂಟಲಲ್ಲಿ ಇಳಿಯಲಿಲ್ಲ.

ಮೊದಲು ಅಜ್ಜನ ಎಚ್‌ಎಂಟಿಯಲ್ಲಿ ಕಣ್ಣು ಪಳಗಿಸಿ

ಲಕ್ಷಗಟ್ಟಲೆ ಹಣ ಕೈಬಿಡುವ ಮುನ್ನ ಎರಡು ಎಚ್‌ಎಂಟಿ ಜನತಾ ಸಂಪಾದಿಸಿ. ಒಂದು ಯಾರದಾದರೂ ಮನೆಯ ಪೆಟ್ಟಿಗೆಯಲ್ಲಿ ಮೂವತ್ತು ವರ್ಷದಿಂದ ಮಲಗಿರುವುದು, ಇನ್ನೊಂದು ಆನ್‌ಲೈನಿನಲ್ಲಿ ಕಿತ್ತಳೆ, ಗುಲಾಬಿ, ನವಿಲು ಬಣ್ಣಗಳಲ್ಲಿ ಹೊಳೆಯುತ್ತ ಅಗ್ಗಕ್ಕೆ ಸಿಗುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ.

ಕಾರ್ಖಾನೆಯಲ್ಲಿ ಮುದ್ರಿಸಿದ ಅಕ್ಷರದ ಅಂಚು ಚೂರಿಯಲ್ಲಿ ಕೊಯ್ದಂತಿರುತ್ತದೆ, ಮಸಿ ಸ್ವಲ್ಪ ಉಬ್ಬಿರುತ್ತದೆ. ಮತ್ತೆ ಬರೆಸಿದ್ದರಲ್ಲಿ ಅಂಚು ಹರಡಿರುತ್ತದೆ, ಅಕ್ಷರಗಳ ನಡುವಿನ ಜಾಗ ಒಂದೇ ಸಮ ಇರುವುದಿಲ್ಲ, ನಿಮಿಷದ ಗೆರೆಗಳು ಗಂಟೆಯ ಗುರುತಿನ ನಡುಮಧ್ಯಕ್ಕೆ ಬರದೆ ಕೂದಲೆಳೆಯಷ್ಟು ಓರೆಯಾಗಿರುತ್ತವೆ. ಈ ಓರೆಯನ್ನು ಒಮ್ಮೆ ಕಂಡ ಕಣ್ಣು ಅದನ್ನು ಮರೆಯುವುದಿಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಮಾಡಲು ಹೊರಟ ಎಚ್‌ಎಂಟಿ, ಇಷ್ಟು ವರ್ಷಗಳ ಮೇಲೆ ರೋಲೆಕ್ಸ್ ಕೊಳ್ಳುವವರಿಗೆ ಪಾಠಶಾಲೆಯಾಗಿ ಒದಗುವುದು ನನಗಂತೂ ಖುಷಿಯ ವಿಷಯ.

ಮನೆತನದ ಎರಡು ಕವಲು

ಇನ್ನು ಸಂಖ್ಯೆಗಳ ವಿಷಯ. ಸಬ್‌ಮರೀನರ್ ಮನೆತನದಲ್ಲಿ ಎರಡು ಕವಲು. ತಾರೀಖು ಇಲ್ಲದ್ದು ಒಂದು: 5512 ಮತ್ತು 5513, ಆಮೇಲೆ 14060, 114060, ಈಗಿನ 124060. ತಾರೀಖು ಇರುವುದು ಇನ್ನೊಂದು: 1680, 16800, 16610, 116610, ಈಗಿನ 126610. ತಾರೀಖಿನ ಕವಲಿನಲ್ಲಿ ಗಾಜಿನ ಮೇಲೆ ಅಂಕಿಯನ್ನು ದೊಡ್ಡದು ಮಾಡುವ ಪುಟ್ಟ ಮಸೂರ ಕುಳಿತಿರುತ್ತದೆ.

ಇಷ್ಟೂ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಎಷ್ಟು ಅಂಕಿ ಇವೆ ಎಂದು ಎಣಿಸಿ. ನಾಲ್ಕಂಕಿಯದು ಅಜ್ಜ, ಐದಂಕಿಯದು ಅಪ್ಪ, ಆರಂಕಿಯದು ಮಗ. ಸಂಗ್ರಹಕಾರರು ಮಾತಾಡುವುದೂ ಹೀಗೆಯೇ.

ಕವಲು ಆರಿಸುವುದು ನಿಮ್ಮ ರುಚಿ. ತಾರೀಖಿಲ್ಲದ ಡಯಲ್ ನೋಡಲು ನೆಮ್ಮದಿ. ಆದರೆ ಅಂಗಡಿ, ಮಿಲ್ಲು, ಬ್ಯಾಂಕು ಎಂದು ದಿನಕ್ಕೆ ಹತ್ತು ಚೆಕ್ಕಿಗೆ ಸಹಿ ಹಾಕುವವರಿಗೆ ತಾರೀಖು ಇದ್ದರೆ ಅನುಕೂಲ. ನಾನು ಎರಡನೆಯ ಜಾತಿ.

ಎತ್ತಿಗೆ ಹಲ್ಲು, ವಾಚಿಗೆ ಆರರ ಕೆಳಗಿನ ಸಾಲು

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮಾಲೀಕ ಹೇಳಿದ ವಯಸ್ಸನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಬಾಯಿಗೂಡಿದೆಯೋ ಇಲ್ಲವೋ ನೋಡುತ್ತಾರೆ. ಸಬ್‌ಮರೀನರ್‌ನ ಹಲ್ಲು ಇರುವುದು ಡಯಲ್‌ನಲ್ಲಿ ಆರು ಗಂಟೆಯ ಗುರುತಿನ ಕೆಳಗೆ, ಗಾಜಿನ ಅಂಚಿನಲ್ಲಿ. ಅಲ್ಲಿ ಇರುವೆ ಸಾಲಿನಂತೆ ಬರೆದಿರುವುದನ್ನು ಓದಿದರೆ ಡಯಲ್ ಯಾವ ಕಾಲದ್ದೆಂದು ತಿಳಿಯುತ್ತದೆ.

ಅದು ತಿಳಿಯುವುದು ಕತ್ತಲಲ್ಲಿ ಹೊಳೆಯುವ ಬಣ್ಣದ ದೆಸೆಯಿಂದ. ನಮ್ಮಲ್ಲಿ ಹೊಳೆಯುವುದಕ್ಕೆಲ್ಲ ರೇಡಿಯಂ ಎಂದೇ ಹೆಸರು, ಬೈಕಿನ ನಂಬರ್ ಪ್ಲೇಟಿಗೆ ಅಂಟಿಸುವ ಸ್ಟಿಕ್ಕರ್ ಸಹ ರೇಡಿಯಮ್ಮೇ. ಆದರೆ 1960ರ ದಶಕದ ಆರಂಭದವರೆಗಿನ ಸಬ್‌ಮರೀನರ್‌ಗಳಲ್ಲಿ ಇದ್ದದ್ದು ನಿಜವಾದ ರೇಡಿಯಂ. ಆ ಮೇಲೆ ಟ್ರಿಟಿಯಂ ಬಂತು. ಅದರ ವಿಕಿರಣ ಮಿತಿಯೊಳಗಿದೆ ಎಂದು ಹೇಳಲು ಡಯಲ್‌ನ ಪಾದದಲ್ಲಿ 'ಸ್ವಿಸ್' ಪದದ ಜೊತೆ ಇಂಗ್ಲಿಷಿನ 'ಟಿ' ಅಕ್ಷರವನ್ನೂ, ಬಹುಪಾಲು ವಾಚುಗಳಲ್ಲಿ '<25' ಎಂಬುದನ್ನೂ ಮುದ್ರಿಸಿದರು. ಇದು 1998ರ ಸುಮಾರಿನವರೆಗೆ ನಡೆಯಿತು. ನಂತರ ವಿಕಿರಣವೇ ಇಲ್ಲದ ಲ್ಯೂಮಿನೋವಾ ಬಂದು, ಸ್ವಲ್ಪ ಕಾಲ ಬರೀ 'ಸ್ವಿಸ್' ಎಂದಿತ್ತು. 2000ದ ಹೊತ್ತಿಗೆ ಸೂಪರ್ ಲ್ಯೂಮಿನೋವಾ, 'ಸ್ವಿಸ್ ಮೇಡ್'. 2010ರಿಂದ ಉಕ್ಕಿನ ಸಬ್‌ಮರೀನರ್‌ಗೆ ನೀಲಿ ಬೆಳಕಿನ ಕ್ರೋಮಾಲೈಟ್. 2020ರಲ್ಲಿ ಬಂದ ತಲೆಮಾರಿನಲ್ಲಿ 'ಸ್ವಿಸ್' ಮತ್ತು 'ಮೇಡ್' ನಡುವೆ ಒಂದು ಪುಟ್ಟ ಕಿರೀಟ.

ಇದನ್ನು ಬಳಸುವುದು ಹೀಗೆ. ಮಾರುವವರು 1985ರ ವಾಚು ಎನ್ನುತ್ತಾರೆ, ಪಾದದಲ್ಲಿ 'ಸ್ವಿಸ್ ಮೇಡ್' ಎಂದಿದೆ ಎಂದುಕೊಳ್ಳಿ. ವಾಚು ಸುಳ್ಳಾಗಿರಬೇಕೆಂದಿಲ್ಲ, ಡಯಲ್ ಆಮೇಲೆ ಬಂದದ್ದು. ಕಂಪನಿಯ ಸರ್ವಿಸ್‌ನಲ್ಲೇ ಬದಲಾಯಿಸಿರಬಹುದು. ಹಾಕಿಕೊಂಡು ಓಡಾಡುವವರಿಗೆ ಅದರಿಂದ ತೊಂದರೆ ಇಲ್ಲ, ಸಂಗ್ರಹಕಾರರಿಗೆ ಮಾತ್ರ ಬೆಲೆ ಇಳಿಯುವ ಕಾರಣ. ನೀವು ಯಾರೆಂದು ನೀವೇ ತೀರ್ಮಾನಿಸಿ, ಬೆಲೆಯನ್ನು ಅದಕ್ಕೆ ತಕ್ಕಂತೆ ಕೇಳಿ.

ಕತ್ತಲೆ ಪರೀಕ್ಷೆಯನ್ನೂ ಮಾಡಿ. ಮೊಬೈಲ್ ಟಾರ್ಚನ್ನು ಡಯಲ್ ಮೇಲೆ ಅರ್ಧ ನಿಮಿಷ ಹಿಡಿದು, ದೀಪ ಆರಿಸಿ, ಅಂಗೈ ಗೂಡು ಮಾಡಿ ನೋಡಿ. ಟ್ರಿಟಿಯಂನ ಶಕ್ತಿ 12.3 ವರ್ಷಕ್ಕೆ ಅರ್ಧವಾಗುತ್ತದೆ. 1985ರ ವಾಚಿನಲ್ಲಿ ಈಗ ಉಳಿದಿರುವುದು ಸುಮಾರು ಹತ್ತನೆಯ ಒಂದು ಪಾಲು, ಹೊಳೆಯುವ ಪುಡಿಯೂ ಸವೆದಿರುತ್ತದೆ. ಅದು ಕ್ಷಣಕಾಲ ಮಿನುಗಿ ಆರಬೇಕು. ನಿಮಿಷಗಟ್ಟಲೆ ಹಸಿರಾಗಿ ಉರಿಯುತ್ತಿದ್ದರೆ ಬಣ್ಣವನ್ನು ಹೊಸದಾಗಿ ತುಂಬಿದ್ದಾರೆ. ಮುಳ್ಳುಗಳ ಬಣ್ಣ ಮತ್ತು ಡಯಲ್‌ನ ಚುಕ್ಕೆಗಳ ಬಣ್ಣ ಒಂದೇ ತೆರನಾಗಿ ಮಾಗಿವೆಯೇ ಎಂಬುದನ್ನೂ ನೋಡಿ. ಒಂದು ಹಳೆಯ ಬೆಲ್ಲದ ಬಣ್ಣ, ಇನ್ನೊಂದು ಹಾಲುಬಿಳುಪು ಎಂದಾದರೆ ಎರಡೂ ಒಂದೇ ದಿನ ಹುಟ್ಟಿದವಲ್ಲ.

ನಾಲ್ಕಂಕಿ: ಡಯಲ್ ಕಾಯಿರಿ

1950ರ ದಶಕದ 6204, 6200, 6538 ಇತ್ಯಾದಿಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅವು ಹರಾಜು ಮನೆಗಳ ವಸ್ತು. ಎಂದಾದರೂ ಒಂದು ಎದುರಾದರೆ ಒಂದೇ ಎಚ್ಚರ: ರೇಡಿಯಂನ ಶಕ್ತಿ ಅರ್ಧವಾಗಲು 1600 ವರ್ಷ ಬೇಕು. ವಾಚು ಹೊಳೆಯುವುದನ್ನು ನಿಲ್ಲಿಸಿದರೂ ವಿಕಿರಣ ಹಾಗೆಯೇ ಇರುತ್ತದೆ. ಹಿಂಬದಿ ತೆಗೆಸಬೇಡಿ, ಡಯಲ್ ಕೆರೆಯಲು ಬಿಡಬೇಡಿ, ಆ ಪುಡಿ ಮೂಗಿಗೆ ಹೋಗಬಾರದು.

ಕೈಗೆಟುಕುವ ಅಜ್ಜನ ಕಥೆ ಆರಂಭವಾಗುವುದು 1959ರ 5512ರಿಂದ. ಕೇಸ್ 40 ಮಿಲಿಮೀಟರ್ ಆದದ್ದು, ಚಾವಿ ಕೊಡುವ ಗುಂಡಿಯ ಎರಡೂ ಬದಿಗೆ ಕಾವಲಿನಂತೆ ಲೋಹದ ಚಾಚು ಬಂದದ್ದು ಆಗ. 1962ರಲ್ಲಿ ಬಂದ 5513, ಕ್ರೋನೋಮೀಟರ್ ಪ್ರಮಾಣಪತ್ರವಿಲ್ಲದ, ಅಂದರೆ ಸಮಯದ ನಿಖರತೆಗೆ ಕೊಡುವ ಪತ್ರವಿಲ್ಲದ, ಅದರ ತಮ್ಮ. 1980ರ ದಶಕದ ಕೊನೆಯವರೆಗೂ ತಯಾರಾಗುತ್ತಿತ್ತು. ಸುಲಭ ಗುರುತು: 5513ರಲ್ಲಿ ಆರರ ಮೇಲೆ ಎರಡೇ ಸಾಲು ಬರಹ. 5512ರ ಬಹುಪಾಲು ವಾಚುಗಳಲ್ಲಿ ನಾಲ್ಕು ಸಾಲು.

5513ರ ಡಯಲ್ ಮೊದಲು ಕನ್ನಡಿಯಂತೆ ಹೊಳೆಯುವ ಕಪ್ಪು, ಬರಹ ಚಿನ್ನದ ಛಾಯೆ. 1960ರ ದಶಕದ ಎರಡನೆಯ ಅರ್ಧದಲ್ಲಿ ಹೊಳಪಿಲ್ಲದ ಮ್ಯಾಟ್ ಕಪ್ಪು, ಬಿಳಿ ಬರಹ. 1984ರ ಸುಮಾರಿಗೆ ಮತ್ತೆ ಹೊಳಪು, ಗಂಟೆಯ ಚುಕ್ಕೆಗಳಿಗೆ ಬಿಳಿ ಚಿನ್ನದ ಅಂಚು. ಮ್ಯಾಟ್ ಡಯಲ್‌ಗಳಲ್ಲೂ 1969ರ ಸುಮಾರಿನವರೆಗೆ ಆಳವನ್ನು ಮೊದಲು ಮೀಟರ್‌ನಲ್ಲಿ ಬರೆದು ಆಮೇಲೆ ಅಡಿಯಲ್ಲಿ ಬರೆಯುತ್ತಿದ್ದರು: 200 ಮೀಟರ್, 660 ಅಡಿ. ನಂತರ ಅಡಿ ಮೊದಲು, ಮೀಟರ್ ಆಮೇಲೆ. ಸರಣಿ ಸಂಖ್ಯೆ 1970ರ ದಶಕದ್ದು, ಡಯಲ್ ಮೀಟರ್ ಮೊದಲಿನದು ಎಂದಾದರೆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. 1980ರ ದಶಕದ ನಡುವಿನ ಹೊಳಪು ಡಯಲ್‌ಗಳಲ್ಲಿ ಮೆರುಗೆಣ್ಣೆ ಜೇಡರ ಬಲೆಯಂತೆ ಬಿರುಕು ಬಿಡುವುದುಂಟು. ಕೆಲವರಿಗೆ ಅದೇ ಇಷ್ಟ, ನನಗೆ ಅದು ಬೇಸಿಗೆಯಲ್ಲಿ ಬಿರಿದ ಕೆರೆಯಂಗಳದಂತೆ ಕಾಣುತ್ತದೆ.

ಇನ್ನು ನನಗೆ ಬರೆ ಹಾಕಿದ 1680. ತಾರೀಖು ಇರುವ ಮೊದಲ ಸಬ್‌ಮರೀನರ್ ಇದು, 1960ರ ದಶಕದ ಕೊನೆಯದು. 1970ರ ದಶಕದ ನಡುವಿನವರೆಗೆ ಹೆಸರಿನ ಸಾಲು ಕೆಂಪು, ಆಮೇಲೆ ಬಿಳಿ. ಕೆಂಪಿಗೆ ಬೆಲೆ ಹೆಚ್ಚಾದ್ದರಿಂದ ಬಿಳಿಯನ್ನು ಕೆಂಪು ಮಾಡುವ ಕುಶಲಕರ್ಮಿಗಳೂ ಹೆಚ್ಚು. ಹಾಗಾಗಿ ಇಲ್ಲಿ ಡಯಲ್‌ನ ಫೋಟೊ ನೋಡಿ ಕೊಳ್ಳಲೇಬೇಡಿ. ಒಂದು ಪರೀಕ್ಷೆ ಯಾರು ಬೇಕಾದರೂ ಮಾಡಬಹುದು: ಗುಂಡಿ ಎಳೆದು ತಾರೀಖು ಬದಲಿಸಲು ನೋಡಿ. 1680ರಲ್ಲಿ ತಾರೀಖನ್ನು ನೇರವಾಗಿ ತಿರುಗಿಸಲು ಬರುವುದಿಲ್ಲ, ಮುಳ್ಳುಗಳನ್ನು ಮಧ್ಯರಾತ್ರಿ ದಾಟಿಸಿಯೇ ಬದಲಿಸಬೇಕು. ಪಟಪಟ ಎಂದು ಬದಲಾದರೆ ಒಳಗಿರುವ ಮಷೀನು ಅದರದ್ದಲ್ಲ.

ನಾಲ್ಕಂಕಿಯ ಗಾಜು ಅಕ್ರಿಲಿಕ್, ನಡುವೆ ಉಬ್ಬಿರುತ್ತದೆ. ಗೀರು ಬಿದ್ದರೆ ಹೆದರಬೇಡಿ, ಉಜ್ಜಿದರೆ ಹೋಗುತ್ತದೆ. ಬಳೆ ಎರಡೂ ಕಡೆ ತಿರುಗುತ್ತದೆ.

ಐದಂಕಿ: ಕೇಸ್ ಕಾಯಿರಿ

ಮೊದಲ ಬಾರಿಗೆ ಕೊಳ್ಳುವವರಿಗೆ ನಾನು ಹೇಳುವುದು ಇದೇ ತಲೆಮಾರು. ಮುಖದಲ್ಲಿ ಅಜ್ಜನ ಚಹರೆ ಉಳಿದಿದೆ, ಮಷೀನಿನಲ್ಲಿ ಇಂದಿನ ವಿಶ್ವಾಸವಿದೆ.

1970ರ ದಶಕದ ಕೊನೆಯಲ್ಲಿ ಬಂದ 16800 ಸೇತುವೆಯ ವಾಚು. ಗೀರು ಬೀಳದ ಸಫೈರ್ ಗಾಜು, 200 ಮೀಟರ್‌ನಿಂದ 300 ಮೀಟರ್‌ಗೆ ಏರಿದ ಆಳ, ನೇರವಾಗಿ ಬದಲಿಸಬಹುದಾದ ತಾರೀಖು, ಒಂದೇ ಕಡೆ ತಿರುಗುವ ಬಳೆ, ಎಲ್ಲವೂ ಇದರಲ್ಲೇ ಮೊದಲು ಕೂಡಿದವು. ಒಂದೇ ಕಡೆ ತಿರುಗುವುದಕ್ಕೆ ಕಾರಣ ಮುಳುಗುವವನ ಪ್ರಾಣ. ನೀರಿನಡಿ ಬಳೆ ಆಕಸ್ಮಿಕವಾಗಿ ಜರುಗಿದರೂ ಕಳೆದ ಸಮಯ ಹೆಚ್ಚೆಂದು ತೋರಬೇಕೇ ಹೊರತು ಕಡಿಮೆಯೆಂದಲ್ಲ. ಇದರ ಆರಂಭದ ಮ್ಯಾಟ್ ಡಯಲ್‌ಗಳನ್ನು ಬಲ್ಲವರು ಹುಡುಕಿ ಕೊಳ್ಳುತ್ತಾರೆ.

1988ರ ಆಸುಪಾಸಿನಲ್ಲಿ 16610 ಬಂದು 2010ರವರೆಗೆ ನಡೆಯಿತು. ಒಳಗೆ 3135 ಎಂಬ ಮಷೀನು. ಪೂರ್ತಿ ಚಾವಿ ಇದ್ದರೆ ಸುಮಾರು 48 ಗಂಟೆ ಓಡುತ್ತದೆ. ರಿಪೇರಿಯವರು ಇದನ್ನು ಹೊಗಳುವಾಗ ಅಂಬಾಸಿಡರ್ ಕಾರಿನ ಇಂಜಿನ್ ಬಗ್ಗೆ ಮಾತಾಡುವ ಮೆಕ್ಯಾನಿಕ್‌ಗಳಂತೆ ಕಾಣುತ್ತಾರೆ: ಬಿಚ್ಚಲು ಸುಲಭ, ಜೋಡಿಸಲು ಸುಲಭ, ಬಿಡಿಭಾಗ ಎಲ್ಲರಿಗೂ ಪರಿಚಿತ. ತಾರೀಖಿಲ್ಲದ 14060 ಸುಮಾರು 1990ರಿಂದ, ಹೊಸ ಮಷೀನಿನ 14060ಎಂ ಹೊಸ ಶತಮಾನದ ಹೊಸ್ತಿಲಿನಿಂದ 2012ರವರೆಗೆ.

ಇಪ್ಪತ್ತೆರಡು ವರ್ಷಗಳಲ್ಲಿ 16610 ಸದ್ದಿಲ್ಲದೆ ಬದಲಾಗುತ್ತಾ ಹೋಯಿತು. ಮೊದಲಿನವುಗಳಲ್ಲಿ ಚೈನು ಹಿಡಿಯುವ ನಾಲ್ಕು ಕೊಂಬುಗಳಿಗೆ ಹೊರಬದಿಯಿಂದಲೇ ಕಾಣುವ ತೂತುಗಳಿವೆ. 2000ದ ನಂತರದ ಕೆಲವೇ ವರ್ಷಗಳಲ್ಲಿ ಅವು ಮುಚ್ಚಿಹೋದವು. ಕೇಸ್‌ಗೆ ಸೇರುವ ಚೈನಿನ ತುದಿ ಮೊದಲು ತಗಡು ಮಡಚಿದ್ದು, 2000ದ ಸುಮಾರಿಗೆ ಗಟ್ಟಿ ಲೋಹ. ಕೊನೆಯ ಮೂರ್ನಾಲ್ಕು ವರ್ಷದವುಗಳಲ್ಲಿ ಡಯಲ್ ಸುತ್ತಲಿನ ಒಳಗೋಡೆಯ ಮೇಲೆ ಕಂಪನಿಯ ಹೆಸರು ಸಾಲಾಗಿ ಕೊರೆದಿದೆ. ನನ್ನ ಆಯ್ಕೆ ಕೊಂಬಿನಲ್ಲಿ ತೂತಿರುವ, ಟ್ರಿಟಿಯಂ ಡಯಲ್‌ನ 1990ರ ದಶಕದ ವಾಚು. ಪಿನ್ನು ತೆಗೆಯುವುದು ಸುಲಭ, ಕೇಸ್‌ಗೆ ಗೀರು ಬೀಳದೆ ಪಟ್ಟಿ ಬದಲಿಸಬಹುದು. ತಗಡಿನ ಚೈನು ಹಳೆಯ ಟ್ರಂಕಿನ ಚಿಲಕದಂತೆ ಸದ್ದು ಮಾಡುವುದು ನಿಜ. ನನಗೆ ಅದು ಅಭ್ಯಾಸವಾಗಿದೆ, ಮನೆಯವರಿಗೆ ಆಗಿಲ್ಲ.

ಕಿಂಡಿ ಎಲ್ಲಿ? ಪಾಲಿಶ್ ಚಕ್ರದಲ್ಲಿ. ಹಬ್ಬಕ್ಕೆ ಮುನ್ನ ಹಿತ್ತಾಳೆ ಪಾತ್ರೆ ಬೆಳಗಿದಂತೆ ಪ್ರತಿ ಸರ್ವಿಸ್‌ನಲ್ಲೂ ಕೇಸ್ ಉಜ್ಜಿಸಿದವರು ಬಹಳ. ಉಜ್ಜಿದಷ್ಟೂ ಲೋಹ ಹೋಗುತ್ತದೆ, ಹೋದದ್ದು ಬರುವುದಿಲ್ಲ. ವಾಚನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೇಲ್ಮೈಯ ಗೆರೆಗೆರೆ ಮತ್ತು ಬದಿಯ ಹೊಳಪು ಸೇರುವಲ್ಲಿ ಅಂಚು ಚೂಪಾಗಿರಬೇಕು. ನಾಲ್ಕೂ ಕೊಂಬು ಒಂದೇ ದಪ್ಪವಿರಬೇಕು. ತೂತಿರುವ ವಾಚಿನಲ್ಲಿ ತೂತಿಗೂ ಕೊಂಬಿನ ಅಂಚಿಗೂ ನಡುವೆ ಎಷ್ಟು ಲೋಹ ಉಳಿದಿದೆ ಎಂದು ನೋಡಿ, ತೂತು ಅಂಚಿಗೆ ಜಾರಿದಂತೆ ಕಂಡರೆ ಆ ಕೇಸ್ ಬಡಕಲಾಗಿದೆ. ಗುಂಡಿಯ ಕಾವಲು ಚಾಚುಗಳು ಸೋಪಿನ ತುಂಡಿನಂತೆ ದುಂಡಾಗಿದ್ದರೂ ಅಷ್ಟೇ. ಗೀರುಗಳಿರುವ, ಮೈತುಂಬಿದ ಕೇಸ್ ಸಿಕ್ಕರೆ ಅದನ್ನೇ ಆರಿಸಿ. 'ಹೊಚ್ಚ ಹೊಸದರಂತಿದೆ' ಎನ್ನುವ ಮೂವತ್ತು ವರ್ಷದ ವಾಚನ್ನು ಎರಡು ಸಲ ನೋಡಿ.

ಈ ತಲೆಮಾರಿನಲ್ಲಿ ಇನ್ನೊಂದು ಸಣ್ಣ ಕಿಂಡಿಯೂ ಇದೆ. ಸಬ್‌ಮರೀನರ್‌ಗೆ 50 ವರ್ಷವಾದ ನೆಪದಲ್ಲಿ 2003ರಲ್ಲಿ ಹಸಿರು ಬಳೆಯ 16610ಎಲ್‌ವಿ ಬಂತು. ಸಂಗ್ರಹಕಾರರು ಅದನ್ನು ಟಿವಿ ಬೊಂಬೆಯಾಟದ ಹಸಿರು ಕಪ್ಪೆಯ ಹೆಸರಿನಿಂದ ಕರ್ಮಿಟ್ ಎಂದು ಕರೆಯುತ್ತಾರೆ. ಬಳೆಯ ಮೇಲಿನ ಹಸಿರು ಅಲ್ಯೂಮಿನಿಯಂ ತಗಡನ್ನು ಕಪ್ಪು 16610ಕ್ಕೆ ಕೂರಿಸುವುದು ಹತ್ತು ನಿಮಿಷದ ಕೆಲಸ. ಆದರೆ ನಿಜವಾದ ಎಲ್‌ವಿಯ ಡಯಲ್‌ನಲ್ಲಿ ಗಂಟೆಯ ಚುಕ್ಕೆಗಳು ದೊಡ್ಡವು, ಮುಳ್ಳೂ ದಪ್ಪ. ಸಣ್ಣ ಚುಕ್ಕೆಯ ಡಯಲ್, ಹಸಿರು ಬಳೆ: ಇದು ಕಪ್ಪೆ ವೇಷದ ಬೇರೆ ಪ್ರಾಣಿ.

ಆರಂಕಿ: ಕಾಗದ ಕಾಯಿರಿ

2010ರಲ್ಲಿ 116610, 2012ರಲ್ಲಿ ತಾರೀಖಿಲ್ಲದ 114060. ಬಳೆಯ ಮೇಲಿನ ಅಲ್ಯೂಮಿನಿಯಂ ಹೋಗಿ ಸೆರಾಮಿಕ್ ಬಂತು. ಅಲ್ಯೂಮಿನಿಯಂ ನಮ್ಮ ಕಡೆಯ ಬಿಸಿಲಿಗೆ ವರ್ಷಗಳಲ್ಲಿ ಬೂದಿಯಾಗಿಯೋ ತಿಳಿನೀಲಿಯಾಗಿಯೋ ಮಾಸುತ್ತದೆ, ಸೆರಾಮಿಕ್ ಮಾಸುವುದಿಲ್ಲ, ಗೀರೂ ಬೀಳುವುದಿಲ್ಲ. ಆದರೆ ಕಲ್ಲಿನ ಮೇಲೆ ಬಿದ್ದರೆ ಪಿಂಗಾಣಿ ಬಟ್ಟಲಿನಂತೆ ಸೀಳುತ್ತದೆ, ಬದಲಿಸುವ ಖರ್ಚೂ ಜೋರು. ಚೈನಿನ ಲಾಕಿನಲ್ಲಿ ಉಪಕರಣವಿಲ್ಲದೆ 2 ಮಿಲಿಮೀಟರ್ ಲೆಕ್ಕದಲ್ಲಿ ಸಡಿಲಿಸುವ ವ್ಯವಸ್ಥೆಯಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಣಿಕಟ್ಟು ಬೆವರಿ ಊದಿದಾಗ ಇದರ ಬೆಲೆ ತಿಳಿಯುತ್ತದೆ.

ಅಳತೆ 40 ಮಿಲಿಮೀಟರೇ ಆದರೂ ಈ ತಲೆಮಾರಿನ ಕೊಂಬುಗಳು ಅಗಲ. ಸಣ್ಣ ಮಣಿಕಟ್ಟಿನ ಮೇಲೆ ಚೌಕವಾಗಿ ಕಾಣುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬಂದ 126610 ಮತ್ತು 124060 ಕಾಗದದ ಮೇಲೆ 41 ಮಿಲಿಮೀಟರ್, ಆದರೆ ಕೊಂಬು ತೆಳ್ಳಗಾಗಿ ಚೈನು 21 ಮಿಲಿಮೀಟರ್‌ಗೆ ಅಗಲವಾದ್ದರಿಂದ ಕೈಮೇಲೆ ಹಳೆಯದಕ್ಕಿಂತ ನಾಜೂಕು. ಹೊಸ ಮಷೀನು ಸುಮಾರು 70 ಗಂಟೆ ಓಡುತ್ತದೆ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ನಡೆಯುತ್ತಿರುತ್ತದೆ. ಹಾಗಾಗಿ ಅಳತೆಯ ಅಂಕಿ ನೋಡಿ ನಿರ್ಧರಿಸಬೇಡಿ, ಎರಡನ್ನೂ ಕಟ್ಟಿ ನೋಡಿ.

ಇಲ್ಲಿ ಡಯಲ್ ಮತ್ತೆ ಬರೆಸುವವರಿಲ್ಲ, ಇಡೀ ವಾಚನ್ನೇ ನಕಲು ಮಾಡುತ್ತಾರೆ. ಒಳ್ಳೆಯ ನಕಲನ್ನು ಹೊರಗಿನಿಂದ ಗುರುತಿಸುತ್ತೇನೆಂದು ಹೇಳುವ ಧೈರ್ಯ ನನಗಿಲ್ಲ. ಅದರ ಹಿಂಬದಿ ತೆಗೆಯಲು ಅಂಚಿನ ಗೆರೆಗಳಿಗೆ ಸರಿಯಾಗಿ ಕೂರುವ ಉಪಕರಣ ಬೇಕು. ಅದು ಇರುವವರ ಹತ್ತಿರವೇ ತೆಗೆಸಿ ಮಷೀನು ನೋಡಿಸಿ. ಸರಣಿ ಸಂಖ್ಯೆ ಒಳಗೋಡೆಯ ಮೇಲೆ ಆರು ಗಂಟೆಯ ಬಳಿ ಇದೆ. ವಾರಂಟಿ ಕಾರ್ಡಿನ ಸಂಖ್ಯೆಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. 2010ರಿಂದ ಸರಣಿ ಸಂಖ್ಯೆಗಳು ಕ್ರಮವಿಲ್ಲದೆ ಬರುತ್ತವೆ, ಆದ್ದರಿಂದ ಸಂಖ್ಯೆ ನೋಡಿ ವಯಸ್ಸು ಹೇಳುವ ಹಳೆಯ ವಿದ್ಯೆ ಇಲ್ಲಿ ನಡೆಯುವುದಿಲ್ಲ, ಕಾರ್ಡಿನ ತಾರೀಖೇ ಆಧಾರ. ಕಳವಿನ ಮಾಲೂ ಈ ತಲೆಮಾರಿನಲ್ಲೇ ಹೆಚ್ಚು ಓಡಾಡುತ್ತದೆ. ಲಂಡನ್ನಿನ ವಾಚ್ ರಿಜಿಸ್ಟರ್ ತರಹದ ನೋಂದಣಿಯಲ್ಲಿ ಸಂಖ್ಯೆ ಹುಡುಕಿಸಿ. ಕಂಪನಿಯೇ 2022ರ ಡಿಸೆಂಬರಿನಿಂದ ಪರೀಕ್ಷಿಸಿದ ಬಳಸಿದ ವಾಚುಗಳನ್ನು ಎರಡು ವರ್ಷದ ಖಾತರಿಯೊಂದಿಗೆ ತನ್ನ ಕೆಲವು ಮಾರಾಟಗಾರರ ಮೂಲಕ ಮಾರಿಸುತ್ತಿದೆ. ಬೆಲೆ ಹೆಚ್ಚು, ನಿದ್ದೆ ಚೆನ್ನಾಗಿ ಬರುತ್ತದೆ.

ವಾಚು ಮೇಜಿನ ಮೇಲಿದ್ದಾಗ

ಚಹಾ ಬರುವ ಮೊದಲೇ ನೋಡಿ ಮುಗಿಸಿ, ಚಹಾ ಕುಡಿದ ಮೇಲೆ ದಾಕ್ಷಿಣ್ಯ ಶುರುವಾಗುತ್ತದೆ. ಭೂತಗನ್ನಡಿ, ಮೊಬೈಲ್ ಟಾರ್ಚು, ಮೆತ್ತನೆಯ ಬಟ್ಟೆ ಇದ್ದರೆ ಸಾಕು.

ಡಯಲ್‌ನ ಪಾದ ಓದಿ. ಕತ್ತಲೆ ಪರೀಕ್ಷೆ ಮಾಡಿ. ಬಳೆ ತಿರುಗಿಸಿ: 16610ರಲ್ಲಿ ಪೂರ್ತಿ ಸುತ್ತಿಗೆ 120 ಕ್ಲಿಕ್, ಹಿಂದಕ್ಕೆ ಬರಬಾರದು. ಗುಂಡಿಯನ್ನು ಬಿಚ್ಚಿ ಮತ್ತೆ ತಿರುಪಿ, ಎಳೆ ಸವೆದಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ವಾಚನ್ನು ಅಡ್ಡವಾಗಿ ಹಿಡಿದು ಚೈನು ಎಷ್ಟು ಜೋಲುತ್ತದೆ ನೋಡಿ. ಹಳೆಯ ಚೈನು ಸ್ವಲ್ಪ ಜೋಲುವುದು ಸಹಜ, ಮಾವಿನ ತೋರಣದಂತೆ ಬಾಗಿದರೆ ಹೊಸ ಚೈನಿನ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಕೊನೆಗೆ ಚೈನು ತೆಗೆಸಿ. 2007ರ ಸುಮಾರಿಗಿಂತ ಹಿಂದಿನ ವಾಚುಗಳಲ್ಲಿ ಮಾದರಿಯ ಸಂಖ್ಯೆ ಹನ್ನೆರಡು ಗಂಟೆಯ ಕಡೆಯ ಕೊಂಬುಗಳ ನಡುವೆ, ಸರಣಿ ಸಂಖ್ಯೆ ಆರು ಗಂಟೆಯ ಕಡೆ ಕೊರೆದಿರುತ್ತದೆ. ಅಸಲಿ ಕೊರೆತ ಬೆಳಕಿಗೆ ಗಾಜಿನ ಚೂರಿನಂತೆ ಮಿಂಚುತ್ತದೆ. ಆಸಿಡ್‌ನಿಂದ ಉಬ್ಬುತಗ್ಗಾಗಿ ಸುಟ್ಟಂತಿದ್ದರೆ ಅನುಮಾನಪಡಿ. ಚೈನು ತೆಗೆಯಲು ಒಪ್ಪದ ಮಾರಾಟಗಾರರಿಗೆ ನಮಸ್ಕಾರ ಹೇಳಿ ಎದ್ದುಬನ್ನಿ. ನಾನು ಎದ್ದಿರಲಿಲ್ಲ.

ದುಡ್ಡು ಮತ್ತು ರಸೀದಿ

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದಲೇ ನಿಷೇಧಿಸಿದೆ. 10 ಲಕ್ಷ ಮೀರಿದ ಕೈಗಡಿಯಾರಕ್ಕೆ 2025ರ ಏಪ್ರಿಲ್ 22ರಿಂದ ಮಾರುವವರು ಶೇಕಡ 1ರಷ್ಟು ಟಿಸಿಎಸ್ (ಮಾರುವಾಗಲೇ ಹಿಡಿಯುವ ತೆರಿಗೆ) ವಸೂಲು ಮಾಡುವ ನಿಯಮ ಬಂದಿದೆ, ಅದನ್ನು ನಿಮ್ಮ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ದುಬೈಯಿಂದ ಭಾವನೋ ಮೈದುನನೋ ತಂದದ್ದಾದರೆ ಸುಂಕ ಕಟ್ಟಿದ ರಸೀದಿ ಕೇಳಿ. ಕೈಗೆ ಕಟ್ಟಿಕೊಂಡು ಬಂದರೆ ಸುಂಕವಿಲ್ಲ ಎಂಬುದು ಕಟ್ಟೆಯ ಮೇಲಿನ ಕಾನೂನು, ವಿಮಾನ ನಿಲ್ದಾಣದ್ದಲ್ಲ.

ರಸೀದಿಯಲ್ಲಿ ಮಾದರಿ, ಸರಣಿ ಸಂಖ್ಯೆ, ಡಯಲ್ ಮೂಲದ್ದೋ ಬದಲಿಸಿದ್ದೋ ಎಂಬುದು ಬರಹದಲ್ಲಿ ಇರಲಿ. ಒಮೆಗಾ ಕಂಪನಿ ಹಳೆಯ ವಾಚುಗಳಿಗೆ ತನ್ನ ದಾಖಲೆಯಿಂದ ಜಾತಕ ಬರೆದುಕೊಟ್ಟದ್ದುಂಟು. ರೋಲೆಕ್ಸ್ ಹಾಗೆ ಕೊಡುವುದಿಲ್ಲ. ಕಳೆದ ಕಾಗದ ಕಳೆದಂತೆಯೇ.

ಮನೆಗೆ ಬಂದ ಮೇಲೆ

ಸರ್ವಿಸ್‌ಗೆ ಕೊಡುವಾಗ ಮೂರು ಮಾತು ಬರೆದು ಸಹಿ ಮಾಡಿಸಿಕೊಳ್ಳಿ: ಪಾಲಿಶ್ ಬೇಡ, ಡಯಲ್ ಮತ್ತು ಮುಳ್ಳು ಬದಲಿಸಬೇಡಿ, ತೆಗೆದ ಬಿಡಿಭಾಗ ವಾಪಸು ಕೊಡಿ. ಕಂಪನಿಯ ಸರ್ವಿಸ್‌ನಲ್ಲಿ ಮೂರನೆಯದಕ್ಕೆ ಒಪ್ಪದಿರಬಹುದು, ಮೊದಲೇ ಕೇಳಿ.

ನೀರಿನ ವಿಷಯ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿನ ಪೂರ್ಣ ಮಟ್ಟ 130 ಅಡಿ. 1933ರ ನಂತರ ಅದು ಮೊದಲ ಬಾರಿಗೆ ಕೋಡಿ ಬಿದ್ದದ್ದು 2022ರಲ್ಲಿ. ಐದಂಕಿ, ಆರಂಕಿಯ ಸಬ್‌ಮರೀನರ್ ತಾಳುವುದು 1000 ಅಡಿ. ಅಂದರೆ ನಮ್ಮ ಜಿಲ್ಲೆಯಲ್ಲಿ ಈ ವಾಚಿಗೆ ಸವಾಲು ಹಾಕುವ ನೀರೇ ಇಲ್ಲ. ಆದರೂ 1000 ಅಡಿ ಎಂಬುದು ರಬ್ಬರ್ ಸೀಲುಗಳು ಹೊಸದಾಗಿದ್ದಾಗಿನ ಮಾತು. ಮೂವತ್ತು ವರ್ಷದ ವಾಚನ್ನು ಒತ್ತಡದ ಪರೀಕ್ಷೆ ಮಾಡಿಸದೆ ಸ್ನಾನದ ಬಕೆಟ್ಟಿಗೂ ಇಳಿಸಬೇಡಿ. ನಾಲ್ಕಂಕಿಯದನ್ನು ಪರೀಕ್ಷೆ ಮಾಡಿಸಿದ ಮೇಲೂ ಇಳಿಸಬೇಡಿ, ಡಯಲ್‌ಗೆ ಒಮ್ಮೆ ತೇವ ತಗುಲಿದರೆ ನೀವು ಕಾದದ್ದೆಲ್ಲ ಹೋಯಿತು. ನಮ್ಮ ಕಡೆ ನೀರಿಗಿಂತ ಧೂಳಿನ ಕಾಟವೇ ಹೆಚ್ಚು. ಬಳೆಯ ಸಂದಿಗೆ ಕೆಮ್ಮಣ್ಣು ಸೇರಿ ಬಿಗಿಯುತ್ತದೆ, ತಿಂಗಳಿಗೊಮ್ಮೆ ಗುಂಡಿ ಬಿಗಿದಿದೆ ಎಂದು ಖಚಿತಪಡಿಸಿಕೊಂಡು ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಕೊಡವಿ.

ಆ ಕೆಂಪಕ್ಷರದ 1680 ಇನ್ನೂ ನನ್ನ ಹತ್ತಿರವೇ ಇದೆ. ರಿಪೇರಿಯವರು ಮಷೀನು ಸರಿಮಾಡಿಕೊಟ್ಟರು, ಈಗ ದಿನಕ್ಕೆ ಆರೇಳು ಸೆಕೆಂಡ್ ಮುಂದೆ ಓಡುತ್ತದೆ. ಎರಡು ಸಲ ಮಾರಾಟಕ್ಕಿಟ್ಟೆ. ವಿವರದ ಮೊದಲ ಸಾಲಿನಲ್ಲೇ 'ಡಯಲ್ ಮತ್ತೆ ಬರೆಸಿದ್ದು' ಎಂದು ಹಾಕಿದ್ದರಿಂದ ಇದುವರೆಗೆ ಯಾರೂ ಫೋನ್ ಮಾಡಿಲ್ಲ.